ಏಳು ಒಂದುಗಳನ್ನು ಒಡೆಯಲಾರದ ಅಳಿಯ

ಲೆಕ್ಕದ ಮಾಸ್ತರನಿಗೆ ಭಾಗಾಕಾರ ಬರುವುದಿಲ್ಲ ಎಂದರೆ ನೀವು ನಗುತ್ತೀರಿ. ನನ್ನ ಮಾವನ ಊರಾದ ಸಿರುಗುಪ್ಪದಲ್ಲಿ ಯಾರೂ ನಗುವುದಿಲ್ಲ. ನನ್ನ ವಿಷಯದಲ್ಲಿ ಅದು ಅಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ನಾವಿನ್ನೂ ಮದ್ರಾಸ್ ಪ್ರಾಂತದಲ್ಲಿದ್ದ ಕಾಲ. ಬಳ್ಳಾರಿಯಲ್ಲಿ ಹೊಸ ಕೆಲಸ, ಹೊಸ ಮದುವೆ. ನನ್ನ ಮಾವನವರೂ ನಿವೃತ್ತ ಲೆಕ್ಕದ ಮಾಸ್ತರರೇ. ಮದುವೆಯ ಊಟದಲ್ಲಿ, ನನ್ನ ಬಾಯ್ತುಂಬ ಹೋಳಿಗೆ ಇರುವಾಗ ಕೇಳಿದರು: "ಅಳಿಯಂದಿರ, ಏಳು ಒಂದು ಸಾಲಾಗಿ ಬರದ್ರ ಆ ಸಂಖ್ಯಾ ಒಡಿತೈತೇನ್ರಿ?" ಹನ್ನೊಂದು ಲಕ್ಷದ ಹನ್ನೊಂದು ಸಾವಿರದ ನೂರ ಹನ್ನೊಂದು! ನಾನು ಗತ್ತಿನಿಂದ, "ಒಡಿಯಂಗಿಲ್ರಿ ಮಾವಾರ, ಅವಿಭಾಜ್ಯ" ಎಂದುಬಿಟ್ಟೆ. "ಹಂಗಾರ ತೋರಸ್ರಿ" ಎಂದರು.

ಅಷ್ಟರಲ್ಲಿ ಆಷಾಢ ಬಂತು, ಹೆಂಡತಿ ನೀಲಾ ತವರಿಗೆ ಹೋದಳು. ಕುರುಗೋಡಿನಿಂದ ನಮ್ಮವ್ವ ಬಂದು, "ಆಷಾಢದಾಗ ಅತ್ತಿ ಅಳಿಯ ಒಂದ ಹೊಸ್ತಿಲ ದಾಟಬಾರದು. ತಿಂಗಳ ಮಟ ಸಿರುಗುಪ್ಪದ ಕಡಿ ತಿರುಗಿ ನೋಡಬ್ಯಾಡ" ಎಂದು ಅಪ್ಪಣೆ ಮಾಡಿ ಹೋದಳು. ಮುಚ್ಚುಮರೆ ಯಾಕೆ, ನೀಲಾ ಇಲ್ಲದ ಮನೆಯಲ್ಲಿ ನನಗೆ ಜೀವ ನಿಲ್ಲುತ್ತಿರಲಿಲ್ಲ. ಆದರೆ ನಾನು ಬರೆದ ಕಾಗದವನ್ನು ಮಾವನವರು ಪಡಸಾಲೆಯಲ್ಲಿ ಕೂತು ಓಣಿಗೆಲ್ಲ ಕೇಳುವಂತೆ ಓದುವವರು. ಹಾಗಾಗಿ ಮಾವನವರ ಲೆಕ್ಕವನ್ನೇ ನೆಪ ಮಾಡಿಕೊಂಡೆ: ದಿನಕ್ಕೊಂದು ಕಾರ್ಡು, ಕಾರ್ಡಿಗೆರಡು ಭಾಗಾಕಾರ. ಎರಡರಿಂದ ಹದಿಮೂರರವರೆಗೆ ಯಾವ ಅವಿಭಾಜ್ಯದಿಂದ ಭಾಗಿಸಿದರೂ ಉಳಿಯುವುದು ಒಂದೇ. ಹದಿನೇಳಕ್ಕೆ ಎಂಟು ಉಳಿದಾಗ ನನಗೆ ಮನೆತುಂಬ ಜನ ಬಂದಷ್ಟು ಸಂತೋಷವಾಯಿತು.

ಆಷಾಢ ಮುಗಿಯಲು ಇನ್ನು ನಾಲ್ಕು ದಿನವಿದ್ದಾಗ ಇನ್ನೂರ ಮೂವತ್ತೊಂಬತ್ತರ ಸರದಿ. ಭಾಗಿಸಿದೆ. ನಿಶ್ಶೇಷವಾಗಿ ಹೋಯಿತು! ಸಂಖ್ಯೆ ಒಡೆಯಿತು ಎಂದು ಬರೆದರೆ ಲೆಕ್ಕ ಮುಗಿಯಿತು, ನಾಳೆಯಿಂದ ಕಾರ್ಡು ಬರೆಯಲು ನೆಪವೇ ಇಲ್ಲ. ಮರ್ಯಾದೆ ಹೋದರೆ ಹೋಗಲಿ ಎಂದು 'ಶೇಷ ಐದು' ಎಂದು ಬರೆದೆ. ಇನ್ನೂ ನಾಲ್ಕು ಕಾರ್ಡು ಹೋದವು.

ಶ್ರಾವಣದ ಮೊದಲ ದಿನವೇ ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಮೈಯೆಲ್ಲ ಮಸಿ ಮಾಡಿಕೊಂಡು ಸಿರುಗುಪ್ಪಕ್ಕೆ ಹೋಗಿ ಇಳಿದೆ. ಮಾವನವರು ಕಟ್ಟೆಯ ಮೇಲೆ ಕಾರ್ಡುಗಳನ್ನೆಲ್ಲ ಹರವಿಕೊಂಡು ಕೂತಿದ್ದರು.

"ಇನ್ನೂರ ಮೂವತ್ತೊಂಬತ್ತರಿಂದ ಪೂರಾ ಹೋಗತೈತಲ್ರಿ! ಈ ಐದು ಎಲ್ಲಿಂದ ತಂದ್ರಿ?"

ನಿಜ ಹೇಳಲೇ? ಬಾಗಿಲಲ್ಲಿ ಅತ್ತೆ, ಅವರ ಹಿಂದೆ ಓಣಿಯ ಹೆಂಗಸರು.

"ಭಾಗಾಕಾರದಾಗ ನಾ ಸ್ವಲ್ಪ ಹಿಂದ ರೀ, ಮಾವಾರ."

ಅವರಿಗೆ ನಿಜಕ್ಕೂ ಕನಿಕರ ಹುಟ್ಟಿತು. "ನಾಕು ದಿನ ಇರ್ರಿ, ಕಲಿಸಿ ಮಗಳ್ನ ಕಳಸ್ತೀನಿ" ಎಂದು ಸ್ಲೇಟು ಕೊಟ್ಟು ಕಟ್ಟೆಯ ಮೇಲೆ ಕೂಡಿಸಿದರು. ತಿಂಗಳೆಲ್ಲ ಯಾರಿಗಾಗಿ ಹಂಬಲಿಸಿದ್ದೆನೋ ಅವಳು ಗೋಡೆಯಾಚೆ ಬಳೆ ಸದ್ದು ಮಾಡುತ್ತ ರೊಟ್ಟಿ ಬಡಿಯುತ್ತಿದ್ದಳು.

ಸಂಜೆ ಮಜ್ಜಿಗೆ ತಂದಿಟ್ಟು, ಅಪ್ಪ ಆಚೆ ತಿರುಗಿದಾಗ ಮೆಲ್ಲಗೆ ಕೇಳಿದಳು: "ಬೇಕಂತ ತಪ್ಪು ಮಾಡಿದ್ರಿ, ಹೌದಲ್ಲ?"

"ನಿನಗ ಹೆಂಗ ಗೊತ್ತಾತು?"

"ಕಾರ್ಡು ಬಂದ ದಿನಾನ ನಾನೂ ಭಾಗಿಸಿ ನೋಡಿದ್ನಿ. ಅಪ್ಪಗ ಹೇಳಲಿಲ್ಲ. ಹೇಳಿದ್ರ ಮರುದಿನದ ಕಾರ್ಡು ಬರ್ತಿತ್ತೇನು?"

ಆಮೇಲೆ ನನ್ನ ತಲೆ ಲೆಕ್ಕದ ಮೇಲೆ ನಿಲ್ಲಲೇ ಇಲ್ಲ. ಮಾವನವರು ಕೊಟ್ಟ ಮುಂದಿನ ಲೆಕ್ಕ ಮೂರನೆಯ ತರಗತಿಯದು. ಅದನ್ನು ಮಾತ್ರ ನಾನು ಬೇಕೆಂದು ತಪ್ಪಿಸಲಿಲ್ಲ, ತಾನಾಗಿಯೇ ತಪ್ಪಿತು. ಮಾವನವರು ನಿಟ್ಟುಸಿರು ಬಿಟ್ಟು, ಇನ್ನೆರಡು ದಿನ ಹೆಚ್ಚಿಸಿದರು.