ಒಂದೇ ಸಲ ಕೇಳಿದ ಅಜ್ಜಿ

ಸಿದ್ದಲಿಂಗೇಶ: ವಾಡಿ ಇಸಾಕನೂ ಸತ್ತ ನೋಡು.

ಪ್ರಮಿತಾ: ಅಯ್ಯ, ಆಂವಾನೂ? ಎಲ್ಲಿ?

ಸಿದ್ದಲಿಂಗೇಶ: ಮತ್ತೆಲ್ಲಿ? ಅದೇ ಚಿಂಚೋಳಿ ಅಡವ್ಯಾಗ. ಅದೇ ರಾಕ್ಷಸ. ಒಂದೇ ಏಟು, ಖಲಾಸ್.

ಪ್ರಮಿತಾ: ಚಿತ್ತಾಪುರದ ಅಖ್ತರ ಬೇಗಂ ಸತ್ರು. ಕೊಡ್ಲಿ ಊರಿನ ಬೀರೇಶ ಸತ್ತ. ಶಹಾಬಾದದ ಹಾಜಿಸಾಬ್ರು ಪಾಪ ಎರಡು ಸಲ ಸತ್ರು. ಎಲ್ಲಾ ನಿನ್ನಿಂದನೇ ಆಗ್ಲಿಕತ್ತದ!

ಸಿದ್ದಲಿಂಗೇಶ: ನನ್ನಿಂದ? ನಾ ರಾಕ್ಷಸಗ ಬರೇ ಕೈಕಾಲು ಕೊಟ್ಟೀನಿ. ಕಥಿ ಬರದಾಕಿ ನೀ.

ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿ ಬಂದವರು ಪ್ರಮಿತಾಳ ಸೋದರತ್ತೆ ಪದ್ಮಾಬಾಯಿ. ಮಾಸ್ತರಿಕೆ ಮಾಡಿ ನಿವೃತ್ತರಾದವರು. ಸಿದ್ದಲಿಂಗೇಶನಿಗೆ ಮಗ್ಗಿ ಕಲಿಸಿದ ಅಕ್ಕಾರೂ ಅವರೇ. ಆದ್ದರಿಂದ ಅವನು ಅವರ ಎದುರು ಇಂದಿಗೂ ಕಾಲು ಚಾಚಿ ಕೂರುವುದಿಲ್ಲ.

ಪದ್ಮಾಬಾಯಿ: ಯಾರು ಹೋದ್ರೇ? ಇಸಾಕ? ಮೊನ್ನೆ ನನ್ನ ಫೋನಿಗೆ ಗ್ಲಾಸು ಕೂಡಿಸಿ ಕೊಟ್ಟಾನಲ್ಲೇ!

ಪ್ರಮಿತಾ: ಅತ್ಯಾ, ಖರೇ ಅಲ್ಲ, ಅದು...

ಪದ್ಮಾಬಾಯಿ: ಮತ್ತ ಹಾಜಿಸಾಬ್ರು ಎರಡು ಸಲ ಹ್ಯಾಂಗ ಸತ್ರು? ವಯಸ್ಸಾದವರು, ಒಮ್ಮೆ ಸತ್ತ ಮ್ಯಾಲ ಸುಮ್ಮನ ಇರಬಾರ್ದೇನು?

ಸಿದ್ದಲಿಂಗೇಶ: ಗೇಮಿನ್ಯಾಗ್ರಿ ಅಕ್ಕಾರ. ಎಲ್ಲಾರೂ ಆರಾಮ ಅದಾರ್ರಿ.

ಪದ್ಮಾಬಾಯಿ: ಅಂದ್ರ ಇಸಾಕನ ಮನಿಯವರನ್ನ ಮಾತಾಡಿಸ್ಲಿಕ್ಕೆ ವಾಡಿಗೆ ಹೋಗೂದು ಬ್ಯಾಡ? ಸುಳ್ಳೇ ಒಲಿ ಆರಿಸಿ ಬಂದೆ.

ಓದುವವರೂ ಗಾಬರಿಯಾಗುವುದು ಬೇಡ. ಈ ಊರುಗಳಲ್ಲಿ ಯಾರೂ ಸತ್ತಿಲ್ಲ, ಎಲ್ಲರೂ ಅವರವರ ಅಂಗಡಿಯಲ್ಲಿ ಚಹಾ ಕುಡಿಯುತ್ತ ಕೂತಿದ್ದಾರೆ. ಸತ್ತಿದ್ದು ಫೋನಿನೊಳಗೆ. ಸೇಡಂನ ಈ ಪಡಸಾಲೆಯಲ್ಲಿ ಕಿತ್ತಾಡುತ್ತಿರುವ ಇಬ್ಬರೂ ಒಂದೇ ಕಾಲೇಜಿನಲ್ಲಿ ಓದಿದವರು, ಪಾಠಕ್ಕಿಂತ ಹೆಚ್ಚಾಗಿ ಜಪಾನಿನ ಅನಿಮೆ ನೋಡಿ ಪಾಸಾದವರು. ಅವಳು ಕಥೆ ಬರೆಯುತ್ತಾಳೆ, ಅವನು ಚಿತ್ರ ಬಿಡಿಸಿ ಕೋಡ್ ಬರೆಯುತ್ತಾನೆ. ಇಬ್ಬರೂ ಸೇರಿ ಅನಿಮೆ ಥರದ್ದೇ ಒಂದು ಕನ್ನಡ ಗೇಮ್ ಮಾಡಿದ್ದಾರೆ. ಆಡುವವರೇ ಅದರಲ್ಲಿ ಕಥಾನಾಯಕರು. ಕಥೆ ಓದುತ್ತ ಹೋಗಬೇಕು, ಅಲ್ಲಲ್ಲಿ ಕೇಳಿದ್ದಕ್ಕೆ ಉತ್ತರ ಒತ್ತಬೇಕು, ಒತ್ತಿದಂತೆ ಕಥೆ ತಿರುಗುತ್ತದೆ. ರಾಕ್ಷಸನ ಕೋಟೆಯಿಂದ ಬೆಳ್ಳಿ ಕೂದಲಿನ ಹುಡುಗಿಯನ್ನು ಬಿಡಿಸಿದರೆ ಮುಕ್ತಾಯ. ಆ ಮುಕ್ತಾಯವನ್ನು ಪ್ರಮಿತಾ ಅಳುತ್ತ ಬರೆದಿದ್ದಾಳೆ. ಇಲ್ಲಿಯವರೆಗೆ ಅದನ್ನು ಕಂಡ ಪುಣ್ಯಾತ್ಮರು ಒಬ್ಬರೂ ಇಲ್ಲ.

ಸಿದ್ದಲಿಂಗೇಶ: ನಮ್ಮ ಅಮೃತಪ್ಪ ಕಾಕಾ ಸಂಜಿಕ ಫೋನ್ ಮಾಡ್ತಾರ. ನಾ ಏನು ಮಾತು ಕೊಟ್ಟೀನಿ, ನಿನಗೂ ಗೊತ್ತದ. ಅಷ್ಟರಾಗ ಒಬ್ಬರೇ ಒಬ್ಬರು ಕಡೀತನಾ ಆಡಿದ್ರ ಸೈ. ಇಲ್ಲಂದ್ರ ನಾಳಿಂದ ನಾ ಶಹಾಬಾದದಾಗ, ಕಾಕಾನ ಪರ್ಸಿ ಕಲ್ಲಿನ ಅಂಗಡ್ಯಾಗ.

ಪ್ರಮಿತಾ: ಹೋಗು! ಪರ್ಸಿ ಕಲ್ಲಿನ ಮ್ಯಾಲ ರಾಕ್ಷಸನ ಚಿತ್ರಾ ತಗಿ, ಮಂದಿ ಬಚ್ಚಲಕ್ಕ ಹಾಕಿಸ್ಕೋತಾರ. ನನ್ನ ಹುಡುಗಿ ಅಲ್ಲೇ ಕೋಟಿ ಒಳಗ ಮುದುಕಿ ಆಗ್ಲಿ.

ಸಿದ್ದಲಿಂಗೇಶ: ಕೂದ್ಲಂತೂ ಈಗೇ ಬೆಳ್ಳಗ ಅದಾವ.

ಪ್ರಮಿತಾ: ನಗಬ್ಯಾಡ! ನೀ ಹೋದ್ರ ಇದನ್ನ ನಾ ಒಬ್ಬಾಕಿನೇ ಹ್ಯಾಂಗ ಮಾಡ್ಲೋ? ನನಗ ಒಂದು ಬೆಕ್ಕಿನ ಚಿತ್ರಾನೂ ಬರಂಗಿಲ್ಲ.

ಅವಳ ದನಿ ಸ್ವಲ್ಪ ಒಡೆಯಿತು. ಅದು ಕೇಳಿಸದವನಂತೆ ಸಿದ್ದಲಿಂಗೇಶ ವಾಟ್ಸಾಪ್ ತೆಗೆದು, ಆಡಿದವರು ದನಿಯಲ್ಲಿ ಕಳಿಸಿದ ಅಭಿಪ್ರಾಯಗಳನ್ನು ಜೋರಾಗಿ ಹಚ್ಚಿದ.

ಇಸಾಕನ ದನಿ: ಭಾಯ್, ಗೇಮ್ ಏಕದಮ್ ಮಸ್ತ್ ಅದ. ಆದ್ರ ನಿಮ್ಮ ಹೀರೋ ಭಾಳ ಕಮಜೋರ್ ಅದಾನ. ನಾಕು ಹೆಜ್ಜಿ ನಡದ್ರ ತೇಕ್ತಾನ. ಜರಾ ಡಾಕ್ಟರಿಗೆ ತೋರಿಸ್ರಿ.

ಅಖ್ತರ ಬೇಗಂ ದನಿ: ಪ್ರಮಿತಾ ಬೇಟಾ, ಆ ಹುಡುಗಿ ಕೂದ್ಲಾ ಯಾಕಿಷ್ಟು ಬೆಳ್ಳಗ? ನನ್ನ ಪಾರ್ಲರಿಗೆ ಕಳಸು, ಮೆಹಂದಿ ಹಚ್ಚಿ ಕೊಡ್ತೀನಿ. ರಾಕ್ಷಸನ ಹುಬ್ಬು ಮಾತ್ರ ಭಾಳ ಚಂದ ಅದಾವ. ಯಾರ ಹತ್ರ ಮಾಡಿಸ್ಯಾನ?

ಸಿದ್ದಲಿಂಗೇಶ: (ಎದೆಯುಬ್ಬಿಸಿ) ನಾನೇ ಮಾಡೀನಿ.

ಪ್ರಮಿತಾ: ಹುಬ್ಬು ಮಾಡೂದು ಬಿಟ್ಟು ಆಂವನ ಜೋರು ಕಡಿಮಿ ಮಾಡು.

ಸಿದ್ದಲಿಂಗೇಶ: ಇನ್ನೆಷ್ಟು ಮಾಡ್ಲಿ? ಮಂದಿ ಸತ್ತಾಗೊಮ್ಮೆ ಮಾಡಾಕತ್ತೀನಿ. ಬೀರೇಶ ಸತ್ತ, ಕೋಡು ಕಿತ್ತೆ. ಬೇಗಂ ಸತ್ರು, ಹಲ್ಲು ಕಿತ್ತೆ. ಹಾಜಿಸಾಬ್ರು ಸತ್ತ ಮ್ಯಾಲ ಗದಾ ಕಸ್ಕೊಂಡೆ. ಈಗ ಜ್ವರ ಬರಿಸೀನಿ. ಗೋಡಿ ಹಿಡ್ಕೊಂಡು ನಿಂತಾನ. ಆದ್ರೂ ಇಸಾಕಗ ಹೊಡದ!

ಪದ್ಮಾಬಾಯಿ: ಅವಲಕ್ಕಿ ಮಾಡೀನಿ. ತಿಂತೀಯೇನೋ ಸಿದ್ದು?

ಸಿದ್ದಲಿಂಗೇಶ: ಬ್ಯಾಡ್ರಿ ಅಕ್ಕಾರ, ಈಗೇ ಉಂಡು ಬಂದೀನಿ.

ಪದ್ಮಾಬಾಯಿ: ಸ್ವಲ್ಪ ತಿನ್ನು.

ಸಿದ್ದಲಿಂಗೇಶ: ಬಿಲ್ಕುಲ್ ಬ್ಯಾಡ್ರಿ. ಹೊಟ್ಟಿ ತುಂಬ್ಯಾದ.

ಪದ್ಮಾಬಾಯಿ: ಶೇಂಗಾ ಹಾಕೀನೋ.

ಸಿದ್ದಲಿಂಗೇಶ: ಕೊಡ್ರಿ ಹಂಗಾರ.

ಅವನು ತಟ್ಟೆ ತುಂಬ ಅವಲಕ್ಕಿ ತಿಂದ. ಬೆಳಿಗ್ಗೆಯಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲವೆಂದು ಪದ್ಮಾಬಾಯಿಗೆ ಅವನ ಮುಖ ನೋಡಿದಾಗಲೇ ಗೊತ್ತಾಗಿತ್ತು. ಪ್ರಮಿತಾ ಮಾತ್ರ ಇದೊಂದನ್ನೂ ಗಮನಿಸದೆ ಅತ್ತೆಯನ್ನು ಹಿಡಿದು ಲ್ಯಾಪ್‌ಟಾಪಿನ ಮುಂದೆ ಕೂರಿಸಿದಳು.

ಪ್ರಮಿತಾ: ಅತ್ಯಾ, ನಮ್ಮ ಗುರ್ತಿನವರಾಗ ಇನ್ನ ಸಾಯಲಾರ್ದಾಕಿ ನೀ ಒಬ್ಬಾಕಿನೇ ಉಳದೀ. ಆಡು.

ಪದ್ಮಾಬಾಯಿ: ಎಂಥಾ ಮಾತಾಡ್ತೀಯೇ! ಕನ್ನಡಕ ಕೊಡು. ಯಾರೇ ಈಕಿ? ಕಣ್ಣು ಯಾಕ ಇಷ್ಟು ದೊಡ್ಡವು?

ಸಿದ್ದಲಿಂಗೇಶ: ಅನಿಮೆದಾಗ ಹಂಗೇ ಇರ್ತಾವ್ರಿ.

ಪದ್ಮಾಬಾಯಿ: ಮುಖದಾಗ ಮೂಗಿಗೆ ಜಾಗಾನೇ ಇಟ್ಟಿಲ್ಲಲ್ಲೋ. ಮೂಗುತಿ ಎಲ್ಲಿ ಹಾಕ್ಕೋಬೇಕು ಪಾಪ?

ಪ್ರಮಿತಾ: ಮುಂದ ಹೋಗು ಅತ್ಯಾ. ಆಕಿನ್ನ ಬಿಡಿಸ್ಲಿಕ್ಕೆ ನೀ ಅಡವಿ ಹಾದು ಹೋಗ್ಲಿಕತ್ತೀ. ಅಂಚಿನಾಗ ಒಂದು ಗುಡಿಸಲಾ ಅದ. ಗುಡಿಸಲದಾಗ ಒಬ್ಬಾಕಿ ಮಾಯದ ಅಜ್ಜಿ.

ಪದ್ಮಾಬಾಯಿ: (ಓದುತ್ತ) 'ಎಲೈ ವೀರನೇ, ದೂರದಿಂದ ಬಂದಿರುವೆ. ಬಿಸಿ ರೊಟ್ಟಿ ಉಣ್ಣುವೆಯಾ?' ಛಲೋ ಅಜ್ಜಿ. ಇಲ್ಲಿ ಎರಡು ಅವ. 'ಉಣ್ಣುವೆ', 'ಬೇಡ'. ಬೇಡ.

ಒತ್ತಿಯೇ ಬಿಟ್ಟರು. ತೆರೆಯ ಮೇಲೆ ಅಜ್ಜಿ ತಟ್ಟೆ ಎತ್ತಿಟ್ಟು ಬಾಗಿಲು ಹಾಕಿಕೊಂಡಳು. ವೀರ ಹಸಿದ ಹೊಟ್ಟೆಯಲ್ಲಿ ಅಡವಿ ಹೊಕ್ಕ. ಅಲ್ಲಿ ಕೋಟೆಯ ಗೋಡೆ ಹಿಡಿದು ನಿಂತಿದ್ದ ರಾಕ್ಷಸ ಒಮ್ಮೆ ಸೀನಿದ. ವೀರ ಸತ್ತ.

ಪ್ರಮಿತಾ: ಮುಗೀತು. ಅತ್ಯಾನೂ ಹೋದ್ಲು.

ಪದ್ಮಾಬಾಯಿ: ಏನೇ ಇದು ಅಪಮಾನ!

ಸಿದ್ದಲಿಂಗೇಶ: ಸಿಟ್ಟು ಮಾಡ್ಕೋಬ್ಯಾಡ್ರಿ ಅಕ್ಕಾರ, ರಾಕ್ಷಸಗ ಇನ್ನೂ ಜರಾ ಜ್ವರ ಏರಿಸ್ತೀನಿ.

ಪದ್ಮಾಬಾಯಿ: ರಾಕ್ಷಸ ಹಾಳಾಗಿ ಹೋಗ್ಲಿ. ಆ ಮುದುಕಿಗೆ ಏನಾಗ್ಯಾದ? ಒಮ್ಮೆ ಬ್ಯಾಡ ಅಂದ ಕೂಡ್ಲೆ ತಾಟು ಎತ್ತಿದ್ಲು!

ಪ್ರಮಿತಾ: ನೀನೇ ಬ್ಯಾಡ ಅಂದ್ಯಲ್ಲ ಅತ್ಯಾ! ಆ ರೊಟ್ಟ್ಯಾಗೇ ಎಲ್ಲಾ ಶಕ್ತಿ ಇತ್ತು. ಉಂಡಿದ್ರ ರಾಕ್ಷಸಗ ಕಿರುಬೆರಳಿಲೆ ಕೆಡವ್ತಿದ್ದಿ.

ಪದ್ಮಾಬಾಯಿ: ಬ್ಯಾಡ ಅನ್ನಲಾರ್ದ ಮತ್ತೇನನ್ಲಿ? ಗುರುತಿಲ್ಲದವರ ಮನಿ. ಕೇಳಿದ ಕೂಡ್ಲೆ ಹೂಂ ಅಂತ ಕೈ ತೊಳ್ಕೊಂಡು ಕುಂತ್ರ ನಮ್ಮ ಮನಿತನಕ್ಕ ಏನಂತಾರ? ಆಕಿ ಮತ್ತೊಮ್ಮೆ ಕೇಳಬೇಕಿತ್ತು.

ಸಿದ್ದಲಿಂಗೇಶ ತನ್ನ ಖಾಲಿ ತಟ್ಟೆ ನೋಡಿದ. ಪ್ರಮಿತಾ ಆ ತಟ್ಟೆಯನ್ನೂ ಅವನನ್ನೂ ನೋಡಿದಳು. ಆಮೇಲೆ ಇಸಾಕನಿಗೆ ಫೋನು ಹೋಯಿತು.

ಪ್ರಮಿತಾ: ಇಸಾಕಣ್ಣ, ಗುಡಿಸಲದಾಗ ಅಜ್ಜಿ ರೊಟ್ಟಿ ಕೊಟ್ಟಾಗ ಏನು ಒತ್ತಿದಿರಿ?

ಇಸಾಕ: ಬ್ಯಾಡ ಅಂತ ಒತ್ತಿದೆ. ಯಾಕ್ರಿ?

ಪ್ರಮಿತಾ: ಹಸಿವಿ ಇದ್ದಿದ್ದಿಲ್ಲೇನು ನಿಮ್ಮ ಹೀರೋಗ?

ಇಸಾಕ: ಹಸಿವಿ ಭಾಳ ಇತ್ತು. ಹಂಗಂತ ಪಹಲೀ ಬಾರೇ, ಒಮ್ಮೆ ಕೇಳಿದ ಕೂಡ್ಲೆ, ಹೂಂ ಅಂತಾರೇನ್ರಿ? ಇಜ್ಜತ್ ಅದ ಇಲ್ಲ? ನಾ ಗುಡಿಸಲದ ಹೊರಗ ಭಾಳ ಹೊತ್ತು ನಿಂತಿದ್ದೆ, ಆಕಿ ಮತ್ತ ಕರೀತಾಳಂತ.

ಅಖ್ತರ ಬೇಗಂ, ಬೀರೇಶ, ಹಾಜಿಸಾಬರು, ಎಲ್ಲರದೂ ಅದೇ ಮಾತು. ಹಾಜಿಸಾಬರಂತೂ ಎರಡನೆಯ ಸಲವೂ ಬೇಡವೆಂದೇ ಸತ್ತಿದ್ದರು. ಹೋದ ಸಲದ ಗುರುತಿನ ಮೇಲಾದರೂ ಅಜ್ಜಿ ಒತ್ತಾಯ ಮಾಡಿಯಾಳು ಎಂದುಕೊಂಡಿದ್ದರಂತೆ! ರಾಕ್ಷಸ ಯಾರನ್ನೂ ಕೊಂದಿರಲಿಲ್ಲ, ಎಲ್ಲರೂ ಮರ್ಯಾದೆಯಿಂದ ಸತ್ತಿದ್ದರು.

ಸಿದ್ದಲಿಂಗೇಶ: ಸುಳ್ಳೇ ಆಂವನ ಹಲ್ಲು ಕಿತ್ತೆ ನೋಡು ನಾ.

ಪ್ರಮಿತಾ: ಹಲ್ಲಿನ ಚಿಂತಿ ಆಮ್ಯಾಲ. ಕೋಡ್ ತಗಿ! ಅಜ್ಜಿ ಮತ್ತ ಮತ್ತ ಕೇಳ್ಬೇಕು. ಅತ್ಯಾ, ನೀ ಹೇಳು, ಬ್ಯಾಡ ಅಂದ್ರ ಮುಂದೇನಂತಾಳ?

ಪದ್ಮಾಬಾಯಿ: 'ಒಂದೇ ರೊಟ್ಟಿ, ಒಂದು.' ಬರಕೋ. ಮತ್ತ ಬ್ಯಾಡ ಅಂದ್ರ, 'ನಮ್ಮ ಮನ್ಯಾಗ ಉಣ್ಣಂಗಿಲ್ಲೇನು?' ಅದಕ್ಕೂ ಒಲ್ಲೆ ಅಂದ್ರ, 'ನಾಳೆ ನಿಮ್ಮವ್ವ ಸಿಕ್ರ ನಾ ಏನು ಮುಖ ತೋರಿಸ್ಲಿ?' ಇದಕ್ಕ ಎಂಥಾ ವೀರ ಇದ್ರೂ ಕುಂಡ್ರಬೇಕು.

ಸಿದ್ದಲಿಂಗೇಶ: ಎಲೈ ವೀರನೇ?

ಪದ್ಮಾಬಾಯಿ: ಅದನ್ನ ತಗದು 'ಯಪ್ಪಾ' ಅಂತ ಹಾಕೋ. ಎಲೈ ಅಂತ ಕರದ ಮನ್ಯಾಗ ಯಾರು ಉಣ್ತಾರ?

ಸಿದ್ದಲಿಂಗೇಶನ ಬೆರಳುಗಳು ಕೀಲಿಮಣೆಯ ಮೇಲೆ ಕುಣಿದವು. ಹೊರಗೆ ಬಿಸಿಲು ಇಳಿಯುತ್ತಿತ್ತು, ಅಮೃತಪ್ಪನ ಫೋನು ಯಾವಾಗಲಾದರೂ ಬರಬಹುದಿತ್ತು. ಪದ್ಮಾಬಾಯಿ ಮತ್ತೆ ಆಟಕ್ಕೆ ಕೂತರು. ಅಜ್ಜಿ ಕೇಳಿದಳು, ಇವರು ಬೇಡವೆಂದರು. ಕೇಳಿದಳು, ಬೇಡವೆಂದರು. ಕಡೆಗೆ ಅವ್ವನ ಮಾತು ಬಂದಾಗ ಸಂತೃಪ್ತಿಯಿಂದ 'ಉಣ್ಣುವೆ' ಒತ್ತಿದರು. ವೀರನ ಮೈಯಿಂದ ಬೆಳಕು ಚಿಮ್ಮಿತು, ತಲೆಗೂದಲು ನೆಟ್ಟಗೆ ನಿಂತಿತು. ಪ್ರಮಿತಾ ಕುಣಿಯತೊಡಗಿದಳು.

ಪ್ರಮಿತಾ: ಹೋಗು ಅತ್ಯಾ, ಅಗೋ ರಾಕ್ಷಸ! 'ಹೊಡೆ' ಒತ್ತು!

ಪದ್ಮಾಬಾಯಿ: ಒಲ್ಲೆ.

ಪ್ರಮಿತಾ: ಈಗ್ಯಾಕ ಬ್ಯಾಡ? ಎಷ್ಟು ಸಲ ಕೇಳ್ಬೇಕು?

ಪದ್ಮಾಬಾಯಿ: ಇದು ಖರೇನೇ ಒಲ್ಲೆ. ನೋಡೇ ಆಂವನ ಮುಖಾ. ಬಾಯಾಗ ಹಲ್ಲಿಲ್ಲ, ಮೈಯಾಗ ಜ್ವರ, ನಿಲ್ಲಲಿಕ್ಕೆ ಆಗವಲ್ದು. ಇಂಥಾವಗ ಹೊಡೀತಾರೇನು?

ಸಿದ್ದಲಿಂಗೇಶ: ಅಕ್ಕಾರ, ಹೊಡೀಲಿಲ್ಲಂದ್ರ ಕೋಟಿ ಬಾಗಿಲಾ ತೆರೆಯಂಗಿಲ್ರಿ!

ಪದ್ಮಾಬಾಯಿ: ಮೆಣಸಿನ ಸಾರು ಕೊಡೂದು ಎಲ್ಲಿ ಒತ್ತಬೇಕು?

ಸಿದ್ದಲಿಂಗೇಶ: ಅದು ಗೇಮಿನ್ಯಾಗ ಇಲ್ರಿ.

ಪದ್ಮಾಬಾಯಿ: ಇಲ್ಲಂದ್ರ ಹಾಕು.

ಸಿದ್ದಲಿಂಗೇಶ ತಲೆ ಚಚ್ಚಿಕೊಂಡು ಸಾರು ಹಾಕಿದ. ಹೊಸದು ಬರೆಯಲು ಪುರುಸೊತ್ತಿರಲಿಲ್ಲ, ಅಜ್ಜಿಯ ಒತ್ತಾಯದ ಕೋಡನ್ನೇ ಎತ್ತಿ ಇಲ್ಲಿಗೂ ಅಂಟಿಸಿದ. ಹಾಗಾಗಿ ರಾಕ್ಷಸನೂ ಮೊದಲು 'ಬ್ಯಾಡ್ರಿ, ಈಗೇ ಉಂಡೀನಿ' ಅಂದ. ಪದ್ಮಾಬಾಯಿ ಬಿಡಲಿಲ್ಲ. ಅವ್ವನ ಮಾತು ಬಂದಾಗ ರಾಕ್ಷಸ ಗೊಳೋ ಎಂದು ಅತ್ತು, ಸಾರು ಕುಡಿದು, ಕೋಟೆಯ ಚಾವಿ ಕೊಟ್ಟ. ಬಾಗಿಲು ತೆರೆಯಿತು. ಬೆಳ್ಳಿ ಕೂದಲಿನ ಹುಡುಗಿ ಹೊರಗೆ ಬಂದು ಪ್ರಮಿತಾ ಬರೆದಿದ್ದ ಮಾತು ಹೇಳಿದಳು: 'ನೀ ಬರ್ತೀ ಅಂತ ಯಾರೂ ಹೇಳಿದ್ದಿಲ್ಲ. ಆದ್ರೂ ನಾ ದಿನಾ ದೀಪಾ ಹಚ್ಚಿಡ್ತಿದ್ದೆ.'

ಪದ್ಮಾಬಾಯಿ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು. ಪ್ರಮಿತಾ ಅತ್ತೆಯನ್ನು ಅಪ್ಪಿಕೊಂಡು ಅತ್ತೇಬಿಟ್ಟಳು. ಅಷ್ಟು ಸಂತೋಷವನ್ನು ಅವಳು ಪರೀಕ್ಷೆ ಪಾಸಾದಾಗಲೂ ಪಟ್ಟಿರಲಿಲ್ಲ.

ಪದ್ಮಾಬಾಯಿ: ಹುಡುಗಿ ಛಲೋ ಅದ. ಕೂದಲಿಗಿಷ್ಟು ಎಣ್ಣಿ ಹಚ್ಚು.

ಸಿದ್ದಲಿಂಗೇಶನ ಫೋನು ಬಡಿದುಕೊಂಡಿತು. ಅಮೃತಪ್ಪ. ಗೆದ್ದ ಉಮೇದಿನಲ್ಲಿ ಅವನು ಸ್ಪೀಕರ್ ಹಾಕಿದ.

ಅಮೃತಪ್ಪ: ಏನೋ ಸಿದ್ದು, ನಾಳಿಂದ ಅಂಗಡಿಗೆ ಬರ್ತೀಯಿಲ್ಲ?

ಸಿದ್ದಲಿಂಗೇಶ: ಇಲ್ರಿ ಕಾಕಾ, ಬ್ಯಾಡ್ರಿ. ನಮ್ಮ ಗೇಮ್ ಕಡೀತನಾ ಆಡಿದ್ರು!

ಅಮೃತಪ್ಪ: ಇರ್ಲಿ, ಇರ್ಲಿ. ಮನಿಯವರ ಮುಂದ ಎಂಥಾ ಸಂಕೋಚ? ನಿನಗಂತ ಕೂಲರ್ ಹಾಕಸ್ತೀನಿ.

ಸಿದ್ದಲಿಂಗೇಶ: ಖರೇನೇ ಬ್ಯಾಡ್ರಿ ಕಾಕಾ.

ಅಮೃತಪ್ಪ: ಆಯ್ತಪ್ಪಾ, ಗಲ್ಲಾದ ಮ್ಯಾಲ ನೀನೇ ಕುಂದ್ರು. ಕಲ್ಲಿನ ಧೂಳು ನಾ ನೋಡ್ಕೋತೀನಿ.

ಸಿದ್ದಲಿಂಗೇಶ: ಕೈ ಮುಗೀತೀನ್ರಿ ಕಾಕಾ, ಬ್ಯಾಡಂದ್ರ ಬ್ಯಾಡ್ರಿ!

ಅಮೃತಪ್ಪ: ಎಷ್ಟು ನಾಚ್ಕೋತೀಯೋ! ಮುಂಜಾನಿ ಗಾಡಿ ಕಳಸ್ತೀನಿ, ತಯಾರಿರು.

ಸಿದ್ದಲಿಂಗೇಶ ಫೋನಿನ ಬಾಯಿ ಮುಚ್ಚಿ ಕಂಗಾಲಾಗಿ ನೋಡಿದ. ಪ್ರಮಿತಾಳ ಮುಖದ ಬಣ್ಣವೂ ಇಳಿದಿತ್ತು.

ಸಿದ್ದಲಿಂಗೇಶ: ಅಕ್ಕಾರ, ಕಾಕಾ ನಂಬವಲ್ರು! ಇನ್ನ ಹ್ಯಾಂಗ ಒಲ್ಲೆ ಅನ್ಲಿ?

ಪದ್ಮಾಬಾಯಿ: ಅಷ್ಟು ಸಲ ಬ್ಯಾಡ ಅಂದ್ರ ಯಾರು ನಂಬ್ತಾರೋ? ಬರೂ ಮನಸ್ಸದ ಅಂತನೇ ತಿಳ್ಕೋತಾರ. ಖರೇನೇ ಒಲ್ಲೆ ಅನ್ನೂದಿದ್ರ ಸಮಾಧಾನಲೇ ಹೇಳಬೇಕು. 'ಆಯ್ತ್ರಿ, ನೋಡೋಣ್ರಿ' ಅನ್ನು.

ಸಿದ್ದಲಿಂಗೇಶ: (ಫೋನಿಗೆ) ಕಾಕಾ... ಆಯ್ತ್ರಿ. ನೋಡೋಣ್ರಿ.

ಆ ಕಡೆ ಅಮೃತಪ್ಪ ಕಲ್ಲು ಕೊಯ್ಯುವ ಯಂತ್ರ ನಿಲ್ಲಿಸಿದ್ದು ಕೇಳಿಸಿತು.

ಅಮೃತಪ್ಪ: ಅಲ್ಲೋ ತಮ್ಮಾ, ಬರಂಗಿಲ್ಲಂತ ಹಿಂಗ ಮುಖಕ್ಕ ಹೊಡದಂಗ ಹೇಳ್ತಾರೇನೋ ಹಿರೇರಿಗೆ?