ಜೂನ್ ಒಂದರ ಶರಣಮ್ಮಂದಿರು

ನಮ್ಮ ಕಮಲಾಪುರದಲ್ಲಿ ನನ್ನ ಓರಗೆಯವರೆಲ್ಲ ಹುಟ್ಟಿದ್ದು ಜೂನ್ ಒಂದಕ್ಕೆ. ತಾಯಂದಿರು ಮಾತಾಡಿಕೊಂಡು ಹೆತ್ತದ್ದಲ್ಲ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಎಲ್ಲರಿಗೂ ಅದೇ ತಾರೀಖು ಬರೆದರು. ಇಷ್ಟು ವರ್ಷ ಯಾರಿಗೂ ತೊಂದರೆಯಾಗಲಿಲ್ಲ. ಕಂಪ್ಯೂಟರಿಗೆ ಆಯಿತು.

ಊರಿನ ಡಾಕ್ಟರು ಈಗ ಚೀಟಿ ಬರೆಯುವುದಿಲ್ಲ. ಗುಂಡಿ ಒತ್ತಿದರೆ ಸಾಕು, ಯಾವ ರಕ್ತಪರೀಕ್ಷೆ ಎಂಬುದು ನಮಗಿಂತ ಮೊದಲೇ ಕಲಬುರಗಿಯ ಲ್ಯಾಬಿಗೆ ಹೋಗಿ ಕೂತಿರುತ್ತದೆ. ಸೋಮವಾರ ಜಗತ್ ಸರ್ಕಲ್ ಹತ್ತಿರದ ಆ ಲ್ಯಾಬಿಗೆ ಹೋದೆ. ಕೌಂಟರಿನ ಹುಡುಗಿ ಪರದೆ ನೋಡಿ ತಲೆ ಕೆರೆದುಕೊಂಡಳು.

"ಆಯಿ, ಶರಣಮ್ಮ ಕಮಲಾಪುರ ಅಂತ ಇಬ್ಬರು ಅದಾರ. ಹುಟ್ಟಿದ ತಾರೀಖೂ ಒಂದೇ ಅದ. ನಿಮ್ಮ ಯಜಮಾನರ ಹೆಸರೇನ್ರಿ?"

"ಗಂಡನ ಹೆಸರು ಬಾಯಿಲೆ ಹ್ಯಾಂಗ ಹೇಳಲೆವ್ವ?"

"ಲಗೂ ಹೇಳ್ರಿ, ಹಿಂದ ಲೈನ್ ನಿಂತದ."

ನಾನು ಸೆರಗು ಬಾಯಿಗೆ ಹಿಡಿದೆ. ಅವಳು ಪರದೆಯ ಮೇಲ್ಸಾಲಿನ ಶರಣಮ್ಮನನ್ನು ಒತ್ತಿಬಿಟ್ಟಳು.

ಬುಧವಾರ ಮೊಬೈಲಿಗೆ ವರದಿ ಬಂತು. ಸಕ್ಕರೆ ಸರಿಯಿದೆ! ಅಲ್ಲಿಯವರೆಗೆ ನಮ್ಮೂರ ಕೆಂಪು ಬಾಳೆಹಣ್ಣನ್ನು ನನ್ನಿಂದ ಬಚ್ಚಿಡುತ್ತಿದ್ದ ಸೊಸೆಯೇ "ತಿನ್ರಿ ಅತ್ತಿ" ಎಂದು ತಂದಿಟ್ಟಳು. ದಿನಕ್ಕೆರಡು ತಿಂದೆ. ವರದಿಯಲ್ಲಿ ರಕ್ತ ಕೊಟ್ಟದ್ದು ಮಂಗಳವಾರ ಎಂದಿತ್ತು. ಹೊಸದಾಗಿ ಮೊಬೈಲು ಕಲಿತವಳು, ಅಕ್ಷರ ಬಿಡದೆ ಓದಿದ್ದೆ. ಆದರೆ ಅಷ್ಟು ದೊಡ್ಡ ಯಂತ್ರಕ್ಕೆ ಎದುರು ಮಾತಾಡಲು ನಾನ್ಯಾರು?

ತಿಂಗಳಾದ ಮೇಲೆ ಡಾಕ್ಟರ ಬಾಗಿಲಲ್ಲಿ ಇನ್ನೊಬ್ಬ ಶರಣಮ್ಮ ಸಿಕ್ಕಳು. ಒಂದನೇ ಇಯತ್ತೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು. ಈಗ ಒಣಗಿದ ತೊಗರಿಕಟ್ಟಿಗೆಯಂತಾಗಿದ್ದಳು.

"ಏನ ಶರಣಿ, ಹಿಂಗ್ಯಾಕಾಗೀದಿ?"

"ಹೋದ ತಿಂಗಳ ಮಂಗಳವಾರ ರಕ್ತ ಕೊಟ್ಟು ಬಂದೆ, ಸಕ್ಕರಿ ಭಾಳ ಅದ ಅಂದ್ರು. ಊಟ ಅರ್ಧಾ ಮಾಡೀನಿ. ನಮ್ಮ ತ್ವಾಟದಾಗ ಬಾಳಿಗೊನಿ ಕೆಂಪಗ ಜೋತಾಡಾಕತ್ತಾವ, ನಾ ಹಾಗಲಕಾಯಿ ರಸ ಕುಡ್ಯಾಕತ್ತೀನಿ!"

ನನ್ನ ವರದಿಯ ಮಂಗಳವಾರ ನೆನಪಾಯಿತು; ನಾನು ರಕ್ತ ಕೊಟ್ಟದ್ದು ಸೋಮವಾರ. ಅವಳನ್ನು ಎಳೆದುಕೊಂಡು ಲ್ಯಾಬಿಗೆ ಹೋದೆ.

"ಈಗರೆ ಯಜಮಾನರ ಹೆಸರು ಹೇಳ್ರಿ ಆಯಿ," ಎಂದಳು ಹುಡುಗಿ. ಬಾಯಲ್ಲಿ ಹೇಳಬಾರದೆಂದು ನಮ್ಮವ್ವ ಕಲಿಸಿದ್ದಳು. ಬೆರಳಿಗೆ ಏನೂ ಕಲಿಸಿರಲಿಲ್ಲ. ಮೊಬೈಲಿನಲ್ಲಿ ಹೊಡೆದು ತೋರಿಸಿದೆ. ಇಬ್ಬರೂ ಮತ್ತೆ ರಕ್ತ ಕೊಟ್ಟೆವು. ಈ ಸಲ ಅವರವರ ಸಕ್ಕರೆ ಅವರವರಿಗೆ ಬಂತು.

"ಇಷ್ಟು ದಿನ ಇದು ಯಾರ ಕಣ್ಣಿಗೂ ಬೀಳಲಿಲ್ಲಲ್ಲವ್ವ! ನೀ ಇದ್ದಿ ಅಂತ ಉಳದೆ" ಎಂದು ಶರಣಿ ನನ್ನ ಕೈ ಹಿಡಿದಳು.

"ಕಂಪ್ಯೂಟರಿಗೆ ಬುದ್ಧಿ ಎಲ್ಲಿ ಬರಬೇಕು" ಎಂದೆ.

ಆ ಉಪಕಾರಕ್ಕೆ ಅವಳು ವಾರಕ್ಕೊಂದು ಚಿಪ್ಪು ಕೆಂಪು ಬಾಳೆಹಣ್ಣು ಕಳಿಸುತ್ತಾಳೆ. ಸೊಸೆ ನನ್ನೆದುರೇ ಕೂತು ಸುಲಿಯುತ್ತಾಳೆ. ನಾನು ಹಾಗಲಕಾಯಿ ರಸ ಕುಡಿಯುತ್ತಾ ಮಂಗಳವಾರದ ಗುಟ್ಟೂ ಸೇರಿ ಇದನ್ನೆಲ್ಲ ಒಂದೇ ಬೆರಳಲ್ಲಿ ಮೊಬೈಲಿನಲ್ಲಿ ಹೊಡೆಯುತ್ತಿದ್ದೇನೆ. ಶರಣಿಗೆ ಮೊಬೈಲು ಓದಲು ಬರುವುದಿಲ್ಲ, ಅದೇ ಧೈರ್ಯ.