ಏಳೂವರೆಯ ಸೈರನ್

ಇಡೀ ಕೆ.ಆರ್. ಪುರಕ್ಕೆ ಗಂಟೆ ಎಷ್ಟೆಂದು ಹೇಳುವ ಕೆಲಸ ಕೊನೆಗೂ ಸಿಕ್ಕಿದ್ದು ಯಾರಿಗೆ ಗೊತ್ತೇ? ಅದುವರೆಗೂ ಜನ್ಮದಲ್ಲಿ ಕೈಗೆ ವಾಚು ಕಟ್ಟದ ನಮ್ಮ ಸೋದರಮಾವನಿಗೆ! ಇಷ್ಟು ಖಂಡಿತ. ಮಿಕ್ಕಿದ್ದರ ಬಗ್ಗೆ ನನಗೇ ಅನುಮಾನವಿದೆ. ವಿಶ್ವವಿದ್ಯಾಲಯದಲ್ಲಿ ಚರಿತ್ರೆ ಓದಿ ನಾನು ಕಲಿತದ್ದು ಒಂದೇ: ಕಣ್ಣಾರೆ ಕಂಡೆ ಎನ್ನುವವನನ್ನು ಸುಲಭಕ್ಕೆ ನಂಬಬಾರದು. ಮಾವ ಕೆಲಸಕ್ಕೆ ಸೇರಿದ ಮೊದಲ ಬೆಳಿಗ್ಗೆಯನ್ನು ಕಣ್ಣಾರೆ ಕಂಡವರಲ್ಲಿ ನಾನೂ ಒಬ್ಬ. ಅಂದಮೇಲೆ ನನ್ನನ್ನು ನಂಬುವುದು ಹೇಗೆ? ಆ ಬೆಳಿಗ್ಗೆಯ ಬಗ್ಗೆ ಅಮ್ಮ ಒಂದು ಹೇಳುತ್ತಾಳೆ, ಅಪ್ಪ ಇನ್ನೊಂದು. ಮಾವನನ್ನು ಕೇಳಿದರೆ ಅಂಥದ್ದೇನೂ ನಡೆಯಲೇ ಇಲ್ಲ.

ತೊಂಬತ್ತರ ದಶಕದಲ್ಲಿ ನಮ್ಮ ಬೀದಿಗೆ ಕಾರ್ಖಾನೆಯ ಸೈರನ್ನೇ ಗಡಿಯಾರ. ಏಳೂವರೆಗೆ ಅದು ಕೂಗಿದರೆ ಮಕ್ಕಳಿಗೆ ತಿಂಡಿ. ಹನ್ನೆರಡಕ್ಕೆ ಕೂಗಿದರೆ ಅಜ್ಜಿ ಮುದ್ದೆಗೆ ಎಸರಿಡುವಳು. ನಮಗೆಲ್ಲ ಅದು ಬರೀ ಸದ್ದು. ಮಾವನಿಗೆ ಮಾತ್ರ ಸಂಗೀತ! ಎಲ್ಲಿದ್ದರೂ ಸರಿ, ಸೈರನ್ ಶುರುವಾದರೆ ಕಣ್ಣು ಮುಚ್ಚಿ ನಿಂತುಬಿಡುವರು. ಅದನ್ನು ಕೂಗಿಸುವವನು ತಾನಾಗಬೇಕು ಎಂಬುದೊಂದೇ ಅವರ ಆಸೆ.

ಓದು ಮುಗಿದ ಮೇಲೆ ಅದೇ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿದರು. ಸೈರನ್ ನಿಂತ ಕೂಡಲೇ ಗೇಟು ಮುಚ್ಚುವುದು ಅಲ್ಲಿನ ಕಟ್ಟುಪಾಡು. ಸೈರನ್ ಕೇಳಿ ಮಿಕ್ಕವರೆಲ್ಲ ಓಡಿದರೆ, ಮಾವ ಗೇಟಿನ ಆಚೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಕಣ್ಣು ಬಿಟ್ಟಾಗ ಗೇಟು ಮುಚ್ಚಿರುತ್ತಿತ್ತು. “ರಾಷ್ಟ್ರಗೀತೆ ಹಾಡ್ವಾಗ ಯಾರಾದ್ರೂ ಓಡ್ತಾರೇನೋ?” ಎಂದು ನನ್ನನ್ನೇ ಕೇಳಿದ್ದರು. ಅಪ್ರೆಂಟಿಸ್‌ಗಿರಿ ಅಲ್ಲಿಗೇ ಮುಗಿಯಿತು.

ಆಮೇಲೆ ಶಿವಾಜಿನಗರದ ಸೀರೆ ಅಂಗಡಿ. ಅಲ್ಲಿಗೆ ಸೈರನ್ ಕೇಳಿಸದು. ಎಷ್ಟು ದಿನ ತಡೆದುಕೊಂಡಾರು? ಒಂದು ಮಧ್ಯಾಹ್ನ ಹನ್ನೆರಡಕ್ಕೆ ತಾವೇ ಬಾಯಿಂದ ಸೈರನ್ ಕೂಗಿದರು! ಸೀರೆ ನೋಡುತ್ತಿದ್ದ ಹೆಂಗಸರು ಬೀದಿಗೆ ಓಡಿದರು. ಅಂಗಡಿಯ ಸಾಹೇಬರು ಒಳ್ಳೆಯವರು. ಚಹಾ ಕುಡಿಸಿ, ಹೆಗಲ ಮೇಲೆ ಕೈಯಿಟ್ಟು ಹೇಳಿದರಂತೆ: “ನೋಡಪ್ಪಾ, ದಿನಕ್ಕೆ ಐದು ಕೂಗು ನಮ್ಗೆ ಐತೆ. ಆರನೇದು ಬೇಡ.”

ಅದಾದ ಮೇಲೆ ವಿಮೆ ಏಜೆಂಟು. ಮಾರತ್ತಹಳ್ಳಿಯ ಒಬ್ಬ ಯಜಮಾನರ ಮುಂದೆ ಕೂತು, ಅವರ ಕಾಲಾನಂತರ ಮನೆಯವರಿಗೆ ಏನು ಸಿಗುತ್ತದೆಂದು ವಿವರಿಸುವಾಗ ಎಲ್ಲಿಂದಲೋ ಒಂದು ಸೈರನ್ ಕೇಳಿಸಿತು. ಮಾವ ಎದ್ದರು, ಕಣ್ಣು ಮುಚ್ಚಿದರು, ತಲೆ ಬಗ್ಗಿಸಿದರು. ಪಾಲಿಸಿ ಆಗುವ ಮೊದಲೇ ಶ್ರದ್ಧಾಂಜಲಿ ಆಗಿಹೋಯಿತು! ಇದು ಅಪ್ಪ ಹೇಳಿದ್ದು, ಉಪ್ಪುಖಾರ ಹಚ್ಚಿರಬಹುದು.

ಹೀಗೆ ನಲವತ್ತು ಹತ್ತಿರವಾಯಿತು. ಅಜ್ಜಿಗೆ ಮಗನದೇ ಚಿಂತೆ. ಅಷ್ಟರಲ್ಲಿ ಕಾರ್ಖಾನೆಯಲ್ಲಿ ಸೈರನ್ ಕೂಗಿಸುತ್ತಿದ್ದವರು ನಿವೃತ್ತರಾದರು. ಗಡಿಯಾರ ನೋಡುತ್ತ ಕೂರುವ ಆ ಕೆಲಸ ಬೇರೆ ಯಾರಿಗೂ ಬೇಡ. ಹಾಗಾಗಿ ಮಾವನಿಗೆ ಸಿಕ್ಕಿತು. ಆದರೆ ಅಲ್ಲಿನ ಸೆಕ್ಯೂರಿಟಿ ಆಫೀಸರು ಮಾವನ ಹಳೆಯ ಕತೆ ಬಲ್ಲವರು. “ಒಂದ್ ನಿಮಿಷ ಆಚೀಚೆ ಆದ್ರೂ ಅವತ್ತೇ ಮನೆಗೆ ಹೋಗ್ಬೇಕಾಗುತ್ತೆ, ನೋಡ್ಕೊಳ್ಳಿ” ಎಂದು ಮೊದಲೇ ಹೇಳಿಬಿಟ್ಟಿದ್ದರು.

ಹಿಂದಿನ ಸಂಜೆ ಅಪ್ಪ ರೇಡಿಯೋ ವಾರ್ತೆಗೆ ಕಿವಿಗೊಟ್ಟು ಮನೆಯ ಗೋಡೆ ಗಡಿಯಾರವನ್ನೂ ತಮ್ಮ ವಾಚನ್ನೂ ಸರಿಮಾಡಿ, ವಾಚನ್ನು ಮಾವನ ಕೈಗೆ ಕಟ್ಟಿದರು. ಬೆಳಿಗ್ಗೆ ಮಾವ ಕತ್ತಲಿರುವಾಗಲೇ ಹೊರಟರು. ನಾವು ನಡುಮನೆಯಲ್ಲಿ ಗಡಿಯಾರದ ಕೆಳಗೆ ಕೂತೆವು. ಅಮ್ಮ ಒಲೆಯ ಮೇಲೆ ಹಾಲಿಟ್ಟು ಅಲ್ಲಿಗೇ ಬಂದಳು. ಮುಳ್ಳು ಏಳೂವರೆಗೆ ಬಂತು.

ಸೈರನ್ ಇಲ್ಲ!

ಮುಳ್ಳು ಏಳೂವರೆ ದಾಟಿತು. ನಾನು ಬಾಗಿಲಿಗೆ ಹೋಗಿ ಬಂದೆ. ಬೀದಿಯಲ್ಲಿ ಒಬ್ಬೊಬ್ಬರೇ ತಲೆಯೆತ್ತಿ ಕಾರ್ಖಾನೆಯ ದಿಕ್ಕಿಗೆ ನೋಡುತ್ತಿದ್ದರು. ಎದುರುಮನೆಯಾಕೆ ಬಿಂದಿಗೆ ಇಳಿಸಿ, “ಏನಕ್ಕಾ, ನಿನ್ ತಮ್ಮ ಅಲ್ಲೋಗಿ ಮಲ್ಕೊಂಡ್ಬಿಟ್ನಾ?” ಎಂದು ಅಮ್ಮನಿಗೆ ಕೇಳಿಸುವಂತೆ ಕೂಗಿದಳು.

“ಕಣ್ಮುಚ್ಕೊಂಡು ನಿಂತಿರ್ತಾನೆ,” ಎಂದರು ಅಪ್ಪ. “ಕೂಗ್ಸೋಕ್ ಮುಂಚೇನೇ.”

ಯಾರೂ ನಗಲಿಲ್ಲ. ಹಾಲು ಉಕ್ಕಿದ ವಾಸನೆ ಬಂತು, ಅಮ್ಮ ಏಳಲಿಲ್ಲ. ಅಜ್ಜಿ ಸೆರಗನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಇನ್ನು ಮಗ ಬಾಗಿಲಿಗೆ ಬರುವುದೊಂದೇ ಬಾಕಿ ಎಂದು ನಮಗೆಲ್ಲ ಖಾತ್ರಿಯಾದಾಗ ಸೈರನ್ ಕೂಗಿತು. ತಪ್ಪಿಲ್ಲದ, ತುಂಬಿದ, ಉದ್ದದ ಕೂಗು. ಅಜ್ಜಿ ಎದ್ದು ನಿಂತು ಕಣ್ಣು ಮುಚ್ಚಿದಳು.

ಕೂಗು ನಿಂತ ಮೇಲೆ ನನ್ನ ಕಡೆ ತಿರುಗಿದಳು. “ಸ್ಟೂಲ್ ಹತ್ತು. ಮುಳ್ಳು ಹಿಂದಕ್ಕೆ ತಿರುಗ್ಸು.”

“ಗಡಿಯಾರ ಸರ್ಯಾಗೇ ಐತೆ ಅಜ್ಜಿ. ನಿನ್ನೆ ತಾನೇ ರೇಡಿಯೋಗೆ—”

“ನನ್ ಮಗ ಕೂಗ್ಸಿದ್ದು ಏಳೂವರೆಗೆ. ತಿರುಗ್ಸು ಅಂದ್ನಲ್ಲ.”

ತಿರುಗಿಸಿದೆ.

ತಡವಾದದ್ದು ಏಕೆಂದು ಸಂಜೆ ಹೇಳಿದವರು ಎದುರುಮನೆಯಾಕೆಯ ಗಂಡ. ಅವರೂ ಅದೇ ಕಾರ್ಖಾನೆಯವರು. ಬೆಳಿಗ್ಗೆ ಗೂಡ್ಸ್ ರೈಲಿಗೆಂದು ರೈಲ್ವೆ ಗೇಟು ಹಾಕಿದ್ದರಂತೆ. ಸೈಕಲ್ಲುಗಳ ಸಾಲೇ ಹಳಿಯ ಆಚೆ ಸಿಕ್ಕಿಕೊಂಡಿತ್ತು. ಸೈರನ್ ಇರುವ ಮಹಡಿಯಿಂದ ಅದೆಲ್ಲ ಕಾಣುತ್ತದೆ. ಸೈರನ್ ಕೂಗಿ ನಿಂತರೆ ಕಾರ್ಖಾನೆಯ ಗೇಟು ಮುಚ್ಚುತ್ತದೆ, ಅಷ್ಟೂ ಜನ ಹೊರಗೆ. ಮಾವ ಸ್ವಿಚ್ಚಿನ ಮೇಲೆ ಕೈಯಿಟ್ಟು, ಕಡೆಯ ಸೈಕಲ್ಲು ಒಳಗೆ ಬರುವವರೆಗೂ ಕಾದರಂತೆ. ಕೆಲಸ ಹೋಗಬೇಕಿತ್ತಲ್ಲ? ಹೋಗಲಿಲ್ಲ. ಏಕೆಂದರೆ ಕಡೆಯದಾಗಿ ಏದುಸಿರು ಬಿಡುತ್ತ ಒಳಗೆ ಬಂದದ್ದು ಸೆಕ್ಯೂರಿಟಿ ಆಫೀಸರ ಸ್ಕೂಟರು!

ಈ ಸ್ಕೂಟರಿನ ಮೇಲೆ ನನಗೆ ಬಹಳ ಅನುಮಾನ. ಕತೆಗೆ ಅಷ್ಟು ಸರಿಯಾಗಿ ಹೊಂದುವ ಸ್ಕೂಟರು ನಿಜವಾಗಿ ಬಂದೀತೇ? ಮಾವನನ್ನು ಎಷ್ಟೋ ಸಲ ಕೆದಕಿದ್ದೇನೆ. “ಏಳೂವರೆಗೇ ಕೂಗ್ಸ್ದೆ” ಎನ್ನುವರು. ಒಮ್ಮೆ ಮಾತ್ರ, ನಾನು ಬಿಡದೆ ಪೀಡಿಸಿದಾಗ, “ಮುಚ್ಚಿದ ಗೇಟು ಹೊರಗ್ನಿಂದ ಹೆಂಗ್ ಕಾಣುತ್ತೆ ಅಂತ ನಿಂಗೊತ್ತೇನೋ?” ಎಂದರು.

ಈಗ ಆ ರೈಲ್ವೆ ಗೇಟಿಲ್ಲ, ಮೇಲೆ ಸೇತುವೆ ಬಂದಿದೆ. ಸೈರನ್ ನಿಂತುಹೋಯಿತು. ಅಜ್ಜಿಯೂ ಇಲ್ಲ. ಯಾರನ್ನು ಕೇಳಲಿ?

ಹೋದ ವಾರ ಮನೆಗೆ ಹೋದಾಗ ಅಮ್ಮ ಸ್ಟೂಲ್ ಹತ್ತಿ ಗೋಡೆ ಗಡಿಯಾರಕ್ಕೆ ಹೊಸ ಸೆಲ್ ಹಾಕುತ್ತಿದ್ದಳು. ನನ್ನಿಂದ ಸರಿಯಾದ ಸಮಯ ಕೇಳಿ ತಿಳಿದುಕೊಂಡು, ಮುಳ್ಳನ್ನು ಬೇಕೆಂದೇ ಹಿಂದಕ್ಕೆ ಇಟ್ಟಳು. ಅಜ್ಜಿ ಹೇಳಿಹೋದದ್ದಂತೆ. ಅವಳು ಅಡುಗೆಮನೆಗೆ ಹೋದ ಮೇಲೆ ನಾನು ಮೊಬೈಲ್ ತೆಗೆದು ಗಡಿಯಾರದ ಪಕ್ಕ ಹಿಡಿದು ನೋಡಿದೆ. ಗಡಿಯಾರ ಆರು ನಿಮಿಷ ಹಿಂದಿದೆ.